ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ, ಸಮಯ ಅಳೆಯೋದು ಹೇಗೆ?

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾರಿತ್ತು. ಪೈಲಟ್‌ಗಳೆಲ್ಲ ಮಹಿಳೆಯರು ಅನ್ನೋದು ಆಗ ದೊಡ್ಡ ಸುದ್ದಿ. ಆದರೆ ಅಮೆರಿಕದಿಂದ ಬರೋಕೆ ಅಷ್ಟು ಉತ್ತರಕ್ಕೆ ಯಾಕೆ ಹೋಗಬೇಕು?

ದೂರ

ಗೋಡೆಯ ನಕ್ಷೆ ಚಪ್ಪಟೆ, ಭೂಮಿ ದುಂಡು. ಗ್ಲೋಬ್ ಮೇಲೆ ಎರಡು ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದೇ ಅತಿ ಹತ್ತಿರದ ದಾರಿ. ಇದಕ್ಕೆ 'ಗ್ರೇಟ್ ಸರ್ಕಲ್' ಅಂತಾರೆ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಭೂಮಿಯ ಕೇಂದ್ರದಲ್ಲಿ ಅವುಗಳ ನಡುವಿನ ಕೋನ ಸಿಗುತ್ತದೆ. ಇಲ್ಲಿ ಅದು ಸುಮಾರು 126 ಡಿಗ್ರಿ. ಡಿಗ್ರಿಗೆ ಸುಮಾರು 111 ಕಿ.ಮೀ. ಅಂದರೆ ಹತ್ತಿರ ಹತ್ತಿರ 14,000 ಕಿ.ಮೀ. ಈ ದಾರ ಚೀನಾ, ಮಂಗೋಲಿಯಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೂ ಹೋಗುತ್ತದೆ.

ಸಮಯ

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ. ಅದಕ್ಕೆ ರನ್‌ವೇವರೆಗಿನ ಓಡಾಟ, ಏರೋದು, ಇಳಿಯೋದು ಸೇರಿಸಿ. ಟಿಕೆಟ್‌ನಲ್ಲಿ ಇರೋದು ಗೇಟ್‌ನಿಂದ ಗೇಟ್‌ವರೆಗಿನ ಸಮಯ. ಇನ್ನು ಗಾಳಿ: ಮೇಲ್ಮಟ್ಟದ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಹೋಗುವ ದಾರಿ, ಬರುವ ದಾರಿ ಒಂದೇ ಇರಬೇಕಿಲ್ಲ. ಎದುರುಗಾಳಿ ತಪ್ಪಿಸಲು ಕಿಲೋಮೀಟರ್ ಹೆಚ್ಚಾದರೂ ಸುತ್ತಿ ಹೋಗೋದೇ ಲಾಭ ಆಗಬಹುದು.

ಟಿಕೆಟ್‌ನಲ್ಲಿ ಎರಡೂ ಕಡೆ ಸ್ಥಳೀಯ ಸಮಯ ಇರುತ್ತದೆ ಅನ್ನೋದು ನೆನಪಿರಲಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿದರೆ ಪ್ರಯಾಣ ಮೂರು ಗಂಟೆಯದಲ್ಲ, ಹದಿನಾರೂವರೆ ಗಂಟೆಯದು.

ಆಕಾಶಕ್ಕೂ ಗಡಿ ಇದೆ

ಗಣಿತ ಇಲ್ಲಿಗೆ ಮುಗಿಯಿತು. ಉಳಿದದ್ದು ರಾಜಕೀಯ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ ಅಂತ 1944ರ ಶಿಕಾಗೋ ಒಪ್ಪಂದ ಹೇಳುತ್ತದೆ. ಉಕ್ರೇನ್ ಯುದ್ಧದ ನಂತರ, 2022ರಲ್ಲಿ, ರಷ್ಯಾ ಯುರೋಪ್ ಒಕ್ಕೂಟದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಫಿನ್‌ಏರ್‌ನ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಒಂಬತ್ತೂವರೆ ಗಂಟೆಯಿಂದ ಸುಮಾರು ಹದಿಮೂರು ಗಂಟೆಗೆ ಏರಿತು. ಊರುಗಳು ಇದ್ದಲ್ಲೇ ಇವೆ. ಭಾರತದ ವಿಮಾನಗಳಿಗೆ ರಷ್ಯಾದ ದಾರಿ ತೆರೆದೇ ಇತ್ತು, ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತಿ ಹೋಗಬೇಕಾಯಿತು.

ಹೆಚ್ಚಿನ ಪ್ರತಿ ಗಂಟೆಗೂ ಟನ್‌ಗಟ್ಟಲೆ ಇಂಧನ ಸುಡುತ್ತದೆ, ಸಿಬ್ಬಂದಿಯ ದುಡಿಮೆ ಉದ್ದವಾಗುತ್ತದೆ, ಟಿಕೆಟ್ ದರದ ಮೇಲೂ ಒತ್ತಡ ಬೀಳುತ್ತದೆ. ಹಾಗಾಗಿ ವಿಮಾನದ ಇಂಗಾಲದ ಲೆಕ್ಕ ಯಾರಾದರೂ ಮುಂದಿಟ್ಟರೆ ಮೊದಲು ಕೇಳಿ: ಇದು ಗ್ಲೋಬ್ ಮೇಲಿನ ದಾರದ ದೂರವೋ, ವಿಮಾನ ನಿಜವಾಗಿ ಹಾರಿದ ದೂರವೋ?