ಸ್ವೀಡನ್ ಗೆದ್ದಿತೋ, ಸೋತಿತೋ? ಸಾಂಕ್ರಾಮಿಕದ ಹೊತ್ತಿನಲ್ಲಿ ದೇಶಗಳನ್ನು ಹೋಲಿಸುವುದು ಹೇಗೆ

ಕೊರೊನಾ ಕಾಲದಲ್ಲಿ ಸ್ವೀಡನ್ ಬಗ್ಗೆ ಎರಡು ಬಗೆಯ ಮಾತುಗಳು ಹರಿದಾಡಿದವು. "ಸ್ವೀಡನ್ ಲಾಕ್‌ಡೌನ್ ಮಾಡಲೇ ಇಲ್ಲ, ಆದರೂ ಅಲ್ಲಿ ಏನೂ ಆಗಲಿಲ್ಲ. ನಾವೇಕೆ ಎಲ್ಲ ಮುಚ್ಚಿ ಕೂರಬೇಕಿತ್ತು?" ಎಂಬುದು ಒಂದು. "ಸ್ವೀಡನ್ ತನ್ನ ವೃದ್ಧರನ್ನು ಸಾಯಲು ಬಿಟ್ಟಿತು, ನೆರೆಯ ನಾರ್ವೆಗಿಂತ ಹತ್ತು ಪಟ್ಟು ಸಾವು ಕಂಡಿತು" ಎಂಬುದು ಇನ್ನೊಂದು. ಎರಡೂ ಕಡೆಯವರು ಅಂಕಿಗಳನ್ನೇ ಮುಂದಿಡುತ್ತಿದ್ದರು. ಆ ಅಂಕಿಗಳಲ್ಲಿ ಹಲವು ಸುಳ್ಳೂ ಆಗಿರಲಿಲ್ಲ.

ಹಾಗಾದರೆ ಯಾರು ಸರಿ? ಇದು ಬರೀ ಹಳೆಯ ವಾದವಲ್ಲ. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ಶಾಲೆ ಮುಚ್ಚಬೇಕೆ, ಅಂಗಡಿ ಮುಚ್ಚಬೇಕೆ, ಕೂಲಿ ಕಳೆದುಕೊಂಡವರಿಗೆ ಹಣ ಕೊಡಬೇಕೆ ಎಂದು ತೀರ್ಮಾನಿಸುವಾಗ ಇದೇ ಹೋಲಿಕೆಗಳು ಮತ್ತೆ ಮೇಜಿನ ಮೇಲೆ ಬರುತ್ತವೆ. ಹೋಲಿಕೆ ತಪ್ಪಾದರೆ ಅದರಿಂದ ಕಲಿಯುವ ಪಾಠವೂ ತಪ್ಪಾಗುತ್ತದೆ.

ಸ್ವೀಡನ್ ನಿಜಕ್ಕೂ ಏನು ಮಾಡಿತು?

"ಏನೂ ಮಾಡಲಿಲ್ಲ" ಎಂಬುದು ತಪ್ಪು. 2020ರ ಮಾರ್ಚ್ ತಿಂಗಳಲ್ಲೇ ಅಲ್ಲಿ ಮೊದಲು 500, ಆಮೇಲೆ 50ಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಲಾಯಿತು. 16 ವರ್ಷ ಮೇಲ್ಪಟ್ಟವರ ಶಾಲೆಗಳು ಮತ್ತು ವಿಶ್ವವಿದ್ಯಾಲಯಗಳು ಆನ್‌ಲೈನ್ ಪಾಠಕ್ಕೆ ಬದಲಾದವು. ಹೋಟೆಲುಗಳಲ್ಲಿ ಮೇಜಿಗೆ ಬಡಿಸುವುದಕ್ಕೆ ಮಾತ್ರ ಅವಕಾಶವಿತ್ತು. ಏಪ್ರಿಲ್ 1ರಿಂದ ವೃದ್ಧರ ಆರೈಕೆ ಗೃಹಗಳಿಗೆ ಹೊರಗಿನವರ ಭೇಟಿಯನ್ನು ದೇಶವಿಡೀ ನಿಲ್ಲಿಸಲಾಯಿತು. 2020ರ ನವೆಂಬರ್‌ನಲ್ಲಿ ಎರಡನೇ ಅಲೆ ಬಂದಾಗ ಸಾರ್ವಜನಿಕ ಸಭೆಗಳ ಮಿತಿ 8 ಜನರಿಗೆ ಇಳಿಯಿತು.

ಆದರೆ ಚಿಕ್ಕ ಮಕ್ಕಳ ಶಾಲೆಗಳು ತೆರೆದೇ ಇದ್ದವು. ಮನೆಯಿಂದ ಹೊರಬಾರದೆಂಬ ಆದೇಶ ಬರಲಿಲ್ಲ. ಅಂಗಡಿಗಳು ಮುಚ್ಚಲಿಲ್ಲ. ಹೆಚ್ಚಿನ ಮಾತುಗಳು ಆದೇಶಗಳಾಗಿರದೆ ಸಲಹೆಗಳಾಗಿದ್ದವು: ಸಾಧ್ಯವಾದರೆ ಮನೆಯಿಂದಲೇ ಕೆಲಸ ಮಾಡಿ, ಮೈ ಸರಿಯಿಲ್ಲದಿದ್ದರೆ ಹೊರಗೆ ಬರಬೇಡಿ, ಅನಗತ್ಯ ಪ್ರಯಾಣ ಬೇಡ. ಇದಕ್ಕೆ ಕಾನೂನಿನ ಕಾರಣವೂ ಇತ್ತು. ಶಾಂತಿಕಾಲದಲ್ಲಿ ತುರ್ತು ಪರಿಸ್ಥಿತಿ ಘೋಷಿಸುವ ಅವಕಾಶ ಸ್ವೀಡನ್ ಸಂವಿಧಾನದಲ್ಲಿ ಇಲ್ಲ. ಸಾರ್ವಜನಿಕ ಆರೋಗ್ಯ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಗಳು ಮಂತ್ರಿಗಳಿಂದ ಸಾಕಷ್ಟು ಸ್ವತಂತ್ರವಾಗಿ ನಡೆಯುತ್ತವೆ. ಹೀಗಾಗಿಯೇ ದಿನವೂ ಜನರ ಮುಂದೆ ಬಂದು ವಿವರಿಸುತ್ತಿದ್ದವರು ಪ್ರಧಾನಿಗಿಂತ ಹೆಚ್ಚಾಗಿ ಸಾಂಕ್ರಾಮಿಕ ರೋಗತಜ್ಞ ಆಂಡರ್ಸ್ ಟೆಗ್ನೆಲ್.

ಮೊದಲ ಪ್ರಶ್ನೆ: ಯಾರ ಜೊತೆ ಹೋಲಿಕೆ?

2020ರ ಕೊನೆಗೆ ಸ್ವೀಡನ್‌ನಲ್ಲಿ ಕೋವಿಡ್‌ನಿಂದ ಸತ್ತವರ ಸಂಖ್ಯೆ ಒಂಬತ್ತು ಸಾವಿರದ ಆಸುಪಾಸಿನಲ್ಲಿತ್ತು. ಅಲ್ಲಿನ ಜನಸಂಖ್ಯೆ ಒಂದು ಕೋಟಿಗಿಂತ ತುಸು ಹೆಚ್ಚು. ಸುಮಾರು 54 ಲಕ್ಷ ಜನರಿರುವ ನಾರ್ವೆಯಲ್ಲಿ ಆ ಹೊತ್ತಿಗೆ ಸತ್ತವರು ಐನೂರಕ್ಕಿಂತ ಕಡಿಮೆ. ಜನಸಂಖ್ಯೆಗೆ ಹೊಂದಿಸಿ ನೋಡಿದರೆ "ಹತ್ತು ಪಟ್ಟು" ಎಂಬ ಮಾತು ಸರಿಸುಮಾರು ನಿಜ. ಡೆನ್ಮಾರ್ಕ್ ಮತ್ತು ಫಿನ್‌ಲ್ಯಾಂಡ್‌ಗಳ ಸಾವಿನ ಪ್ರಮಾಣವೂ ಸ್ವೀಡನ್‌ಗಿಂತ ತುಂಬ ಕೆಳಗಿತ್ತು.

ಅದೇ ಸ್ವೀಡನ್ನನ್ನು ಬೆಲ್ಜಿಯಂ ಪಕ್ಕ ಇಟ್ಟರೆ ಚಿತ್ರ ತಿರುಗುತ್ತದೆ. ಕಟ್ಟುನಿಟ್ಟಿನ ಲಾಕ್‌ಡೌನ್ ಮಾಡಿದ್ದ ಬೆಲ್ಜಿಯಂನಲ್ಲಿ ಆ ವರ್ಷ ದಾಖಲಾದ ಸಾವಿನ ಪ್ರಮಾಣ ಸ್ವೀಡನ್‌ಗಿಂತ ಸುಮಾರು ಎರಡು ಪಟ್ಟು. ಬ್ರಿಟನ್, ಇಟಲಿ, ಸ್ಪೇನ್‌ಗಳೂ ಸ್ವೀಡನ್‌ಗಿಂತ ಹೆಚ್ಚು ನಷ್ಟ ಕಂಡವು.

ಯಾವ ಹೋಲಿಕೆ ಹೆಚ್ಚು ನ್ಯಾಯವಾದದ್ದು? ನಾರ್ವೆ, ಡೆನ್ಮಾರ್ಕ್, ಫಿನ್‌ಲ್ಯಾಂಡ್‌ಗಳ ಆಡಳಿತ, ಆಸ್ಪತ್ರೆ ವ್ಯವಸ್ಥೆ, ಜನರ ಆದಾಯ, ಸರ್ಕಾರದ ಮೇಲಿನ ನಂಬಿಕೆ ಸ್ವೀಡನ್‌ಗೆ ಹತ್ತಿರ. ಬೇರೆಲ್ಲ ಒಂದೇ ತೆರನಾಗಿದ್ದು ನೀತಿ ಮಾತ್ರ ಬೇರೆಯಾಗಿದ್ದರೆ, ವ್ಯತ್ಯಾಸಕ್ಕೆ ನೀತಿಯೇ ಕಾರಣ ಎನ್ನಲು ಹೆಚ್ಚು ಆಧಾರ ಸಿಗುತ್ತದೆ. ಆದ್ದರಿಂದ ನೆರೆಯವರ ಜೊತೆಗಿನ ಹೋಲಿಕೆಗೆ ತೂಕ ಹೆಚ್ಚು. ಆದರೂ ಅದೂ ಪರಿಪೂರ್ಣವಲ್ಲ. ಯಾರೂ ಗಮನಿಸುವ ಮೊದಲೇ ಒಂದು ದೇಶದೊಳಗೆ ಎಷ್ಟು ಸೋಂಕು ಬಂದು ಸೇರಿತ್ತು ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ.

ಎರಡನೇ ಪ್ರಶ್ನೆ: ಯಾವ ಅವಧಿಯ ಲೆಕ್ಕ?

ಐವತ್ತು ಓವರುಗಳ ಪಂದ್ಯದ ಫಲಿತಾಂಶವನ್ನು ಹದಿನೈದನೇ ಓವರಿನಲ್ಲಿ ಯಾರೂ ಘೋಷಿಸುವುದಿಲ್ಲ. ಸಾಂಕ್ರಾಮಿಕದ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡಿದೆವು. 2020ರ ಬೇಸಿಗೆಯಲ್ಲಿ ಸ್ವೀಡನ್ ಸೋತಂತೆ ಕಂಡಿತು. 2020, 2021, 2022 ಮೂರೂ ವರ್ಷಗಳನ್ನು ಒಟ್ಟಿಗೆ ನೋಡಿದಾಗ, ಹಲವು ಲೆಕ್ಕಾಚಾರಗಳ ಪ್ರಕಾರ ಯುರೋಪಿನಲ್ಲೇ ಅತಿ ಕಡಿಮೆ ಹೆಚ್ಚುವರಿ ಸಾವು ಕಂಡ ದೇಶಗಳ ಗುಂಪಿನಲ್ಲಿ ಸ್ವೀಡನ್ ಇದೆ.

"ಹೆಚ್ಚುವರಿ ಸಾವು" ಎಂದರೆ ಮಾಮೂಲಿ ವರ್ಷದಲ್ಲಿ ನಿರೀಕ್ಷಿಸುವುದಕ್ಕಿಂತ ಎಷ್ಟು ಹೆಚ್ಚು ಜನ ಸತ್ತರು ಎಂಬ ಲೆಕ್ಕ. ಇದರಲ್ಲೂ ಒಂದು ಸಿಕ್ಕು ಇದೆ: "ಮಾಮೂಲಿ" ಎಂದರೆ ಎಷ್ಟು? 2020ರಲ್ಲಿ ಸ್ವೀಡನ್‌ನಲ್ಲಿ ಎಲ್ಲ ಕಾರಣಗಳಿಂದ ಸತ್ತವರು ಸುಮಾರು 98,100. 2019ರಲ್ಲಿ ಸುಮಾರು 88,800. ಈ ಎರಡನ್ನು ಕಳೆದರೆ ಹೆಚ್ಚಳ ಸುಮಾರು 9,300. ಆದರೆ 2019 ಅಲ್ಲಿ ಅಸಾಮಾನ್ಯವಾಗಿ ಕಡಿಮೆ ಸಾವು ಕಂಡ ವರ್ಷ. 2015ರಿಂದ 2019ರವರೆಗಿನ ಸರಾಸರಿ ಸುಮಾರು 91,000. ಅದಕ್ಕೆ ಹೋಲಿಸಿದರೆ ಹೆಚ್ಚಳ ಸುಮಾರು 7,100. ಎರಡೂ ಲೆಕ್ಕ ಸರಿಯೇ, ಆದರೆ ಉತ್ತರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜೀವಗಳ ವ್ಯತ್ಯಾಸ.

ಮೂರನೇ ಪ್ರಶ್ನೆ: ಸಾವನ್ನು ಎಣಿಸಿದ್ದು ಹೇಗೆ?

ಬೆಲ್ಜಿಯಂನ ಅಂಕಿ ಅಷ್ಟು ದೊಡ್ಡದಾಗಿ ಕಾಣಲು ಒಂದು ಕಾರಣ ಅಲ್ಲಿನ ಎಣಿಕೆಯ ವಿಧಾನ. ಆರೈಕೆ ಗೃಹಗಳಲ್ಲಿ ಪರೀಕ್ಷೆ ಆಗದೆ, ಕೋವಿಡ್ ಇರಬಹುದೆಂಬ ಶಂಕೆಯಿದ್ದ ಸಾವುಗಳನ್ನೂ ಅವರು ಲೆಕ್ಕಕ್ಕೆ ಸೇರಿಸಿಕೊಂಡರು. ಪರೀಕ್ಷೆಯಲ್ಲಿ ಖಚಿತವಾದವುಗಳನ್ನು ಮಾತ್ರ ಎಣಿಸಿದ ದೇಶಗಳ ಅಂಕಿ ಸಹಜವಾಗಿಯೇ ಚಿಕ್ಕದಾಗಿ ಕಂಡಿತು. ಪ್ರಾಮಾಣಿಕವಾಗಿ ಎಣಿಸಿದವರು ಪಟ್ಟಿಯಲ್ಲಿ ಕೆಟ್ಟವರಾಗಿ ಕಾಣುವ ಅಪಾಯ ಇಲ್ಲಿದೆ.

ಬಡ ಮತ್ತು ದೊಡ್ಡ ದೇಶಗಳಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಸುಮಾರು 1.49 ಕೋಟಿ ಹೆಚ್ಚುವರಿ ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿತು. ದೇಶಗಳು ವರದಿ ಮಾಡಿದ್ದು ಸುಮಾರು 54 ಲಕ್ಷ ಮಾತ್ರ. ಭಾರತಕ್ಕೆ ಅದರ ಅಂದಾಜು ಸುಮಾರು 47 ಲಕ್ಷ. ಅಧಿಕೃತ ಸಂಖ್ಯೆ ಸುಮಾರು 4.8 ಲಕ್ಷ. ಭಾರತ ಸರ್ಕಾರ ಈ ಲೆಕ್ಕದ ವಿಧಾನವನ್ನೇ ಒಪ್ಪಲಿಲ್ಲ. ಆ ವಿವಾದ ಏನೇ ಇರಲಿ, ಒಂದು ಮಾತು ಸ್ಪಷ್ಟ: ಪ್ರತಿ ಸಾವನ್ನೂ ಕೂಡಲೇ ನೋಂದಾಯಿಸುವ ದೇಶದ ಅಂಕಿಯನ್ನು, ಎಷ್ಟೋ ಸಾವುಗಳಿಗೆ ವೈದ್ಯರು ದೃಢೀಕರಿಸಿದ ಕಾರಣವೇ ದಾಖಲಾಗದ ದೇಶದ ಅಂಕಿಯ ಪಕ್ಕದಲ್ಲಿಟ್ಟು ಗೆಲುವು-ಸೋಲು ಹೇಳಲಾಗದು.

ಲಾಕ್‌ಡೌನ್ ಮಾಡದ್ದರಿಂದ ಆರ್ಥಿಕತೆ ಉಳಿಯಿತೆ?

ಇದು ಬಹಳ ಜನ ನಂಬಿದ ಮಾತು. ಇದನ್ನು ಪರಿಶೀಲಿಸಲು ಒಂದು ಒಳ್ಳೆಯ ಅವಕಾಶ ಸಿಕ್ಕಿತು. ಡೆನ್ಮಾರ್ಕ್ ಮತ್ತು ಸ್ವೀಡನ್ ಎರಡರಲ್ಲೂ ಶಾಖೆಗಳಿರುವ ಒಂದು ದೊಡ್ಡ ಬ್ಯಾಂಕಿನ ಗ್ರಾಹಕರ ಖರ್ಚನ್ನು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2020ರ ಮೊದಲ ಅಲೆಯಲ್ಲಿ ಹೋಲಿಸಿದರು. ಎಲ್ಲ ಮುಚ್ಚಿದ್ದ ಡೆನ್ಮಾರ್ಕ್‌ನಲ್ಲಿ ಜನರ ಖರ್ಚು ಸುಮಾರು 29% ಕುಸಿದಿತ್ತು. ತೆರೆದೇ ಇದ್ದ ಸ್ವೀಡನ್‌ನಲ್ಲಿ? ಸುಮಾರು 25%.

ಅಂದರೆ ಕುಸಿತದ ಬಹುಪಾಲಿಗೆ ಕಾರಣ ಸರ್ಕಾರದ ಆದೇಶವಲ್ಲ, ರೋಗವೇ. ಹೋಟೆಲಿನ ಬಾಗಿಲು ತೆರೆದಿದ್ದರೂ ಸೋಂಕಿನ ಭಯವಿರುವವರು ಒಳಗೆ ಹೋಗುವುದಿಲ್ಲ. ಹೊರದೇಶದ ಗಿರಾಕಿಗಳು ಕೊಳ್ಳದಿದ್ದರೆ ಕಾರ್ಖಾನೆ ಓಡುವುದಿಲ್ಲ. 2020ರ ಇಡೀ ವರ್ಷದ ಲೆಕ್ಕದಲ್ಲೂ ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್ ಮೂರರ ಜಿಡಿಪಿ ಕುಸಿದದ್ದು ಸರಿಸುಮಾರು 2ರಿಂದ 3%ರ ಆಸುಪಾಸಿನಲ್ಲಿ. ಪ್ರವಾಸೋದ್ಯಮವನ್ನು ಹೆಚ್ಚು ನೆಚ್ಚಿಕೊಂಡಿದ್ದ ಸ್ಪೇನ್‌ನ ಜಿಡಿಪಿ 10%ಕ್ಕೂ ಹೆಚ್ಚು ಕುಸಿಯಿತು. ಲಾಕ್‌ಡೌನ್ ಇತ್ತೋ ಇಲ್ಲವೋ ಎಂಬುದರಷ್ಟೇ, ದೇಶ ಯಾವುದರಿಂದ ಸಂಪಾದಿಸುತ್ತದೆ ಎಂಬುದೂ ಮುಖ್ಯ.

ನಿಯಮಕ್ಕಿಂತ ಕೆಳಗಿರುವ ನೆಲ

ಸ್ವೀಡನ್ ಬಗ್ಗೆ ಮಾತಾಡುವವರು ಹೆಚ್ಚಾಗಿ ಮರೆಯುವ ವಿಷಯ ಇದು. "ಮೈ ಸರಿಯಿಲ್ಲದಿದ್ದರೆ ಮನೆಯಲ್ಲೇ ಇರಿ" ಎಂಬ ಸಲಹೆ ಕೆಲಸ ಮಾಡಬೇಕಾದರೆ, ಮನೆಯಲ್ಲಿ ಇದ್ದರೂ ಒಲೆ ಹೊತ್ತಬೇಕು. ಸ್ವೀಡನ್‌ನಲ್ಲಿ ಕಾಯಿಲೆಯ ರಜೆಗೆ ವೇತನವಿದೆ. ಮೊದಲ ದಿನದ್ದು ಮಾತ್ರ ಕಡಿತವಾಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಸರ್ಕಾರ ಆ ನಷ್ಟವನ್ನೂ ತಾನೇ ತುಂಬಿಕೊಟ್ಟಿತು. ವೈದ್ಯರ ಪ್ರಮಾಣಪತ್ರ ತರಬೇಕಾದ ಗಡುವನ್ನೂ ಮುಂದೂಡಿತು.

ಡೆನ್ಮಾರ್ಕ್ ಬಾಗಿಲು ಮುಚ್ಚಿಸಿತು, ಆದರೆ ಕೆಲಸಗಾರರನ್ನು ತೆಗೆದುಹಾಕದ ಸಂಸ್ಥೆಗಳಿಗೆ ಮಾಸಿಕ ಸಂಬಳದ 75%ರಷ್ಟನ್ನು ಒಂದು ಮಿತಿಯೊಳಗೆ ಸರ್ಕಾರವೇ ಕೊಟ್ಟಿತು. ಜರ್ಮನಿಯಲ್ಲಿ "ಕುರ್ಟ್ಸ್‌ಆರ್ಬೈಟ್" ಎಂಬ ಹಳೆಯ ವ್ಯವಸ್ಥೆ ಇದೆ: ಕೆಲಸದ ಗಂಟೆಗಳನ್ನು ಕಡಿತಗೊಳಿಸಿದರೆ, ನಷ್ಟವಾದ ವೇತನದ ಬಹುಪಾಲನ್ನು ಸರ್ಕಾರ ಭರಿಸುತ್ತದೆ. 2020ರ ವಸಂತದಲ್ಲಿ ಸುಮಾರು 60 ಲಕ್ಷ ಜನ ಇದರಡಿ ಬಂದರು. ನಿರುದ್ಯೋಗ ಸುಮಾರು 5%ದಿಂದ 6%ರ ಆಸುಪಾಸಿಗಷ್ಟೇ ಏರಿತು.

ಅಮೆರಿಕದಲ್ಲಿ ಕೆಲಸ ಹೋದವರು ಕೆಲಸ ಕಳೆದುಕೊಂಡೇ ಬಿಟ್ಟರು. 2020ರ ಫೆಬ್ರವರಿಯಲ್ಲಿ 3.5% ಇದ್ದ ನಿರುದ್ಯೋಗ ಏಪ್ರಿಲ್‌ನಲ್ಲಿ 14%ಕ್ಕಿಂತ ಮೇಲೇರಿತು. ಅಲ್ಲಿನ ಸರ್ಕಾರ ಬೇರೆ ದಾರಿ ಹಿಡಿದು, ಜನರ ಕೈಗೆ ನೇರವಾಗಿ ಹಣ ಕೊಟ್ಟಿತು: 1,200 ಡಾಲರಿನ ಚೆಕ್, ನಿರುದ್ಯೋಗಿಗಳಿಗೆ ವಾರಕ್ಕೆ 600 ಡಾಲರ್ ಹೆಚ್ಚುವರಿ. 2021ರಲ್ಲಿ ಮಕ್ಕಳಿರುವ ಕುಟುಂಬಗಳಿಗೆ ನೆರವು ಹೆಚ್ಚಿಸಿದಾಗ, ಸರ್ಕಾರದ ನೆರವನ್ನೂ ಸೇರಿಸಿ ಅಳೆಯುವ ಮಾನದಂಡದಲ್ಲಿ ಮಕ್ಕಳ ಬಡತನ 5.2%ಕ್ಕೆ ಇಳಿಯಿತು. ನೆರವು ನಿಂತ ಮೇಲೆ 2022ರಲ್ಲಿ ಅದು 12.4%ಕ್ಕೆ ಜಿಗಿಯಿತು. ವೈರಸ್ ಅದೇ, ದೇಶ ಅದೇ, ಬದಲಾದದ್ದು ನೀತಿ. ದೇಶ-ದೇಶಗಳ ಹೋಲಿಕೆಗಿಂತ ಇಂತಹ ಹೋಲಿಕೆಯಿಂದ ಕೆಲವೊಮ್ಮೆ ಹೆಚ್ಚು ಕಲಿಯಬಹುದು.

ಭಾರತಕ್ಕೆ ಬರೋಣ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದ ಜಾರಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಿರ್ಬಂಧಗಳ ಬಿಗಿಯನ್ನು 0ರಿಂದ 100ರವರೆಗೆ ಅಳೆಯುವ ಸೂಚ್ಯಂಕದಲ್ಲಿ ಭಾರತ ಆಗ ಪೂರ್ತಿ 100ಕ್ಕೆ ತಲುಪಿತ್ತು. ಆದರೆ ಇಲ್ಲಿ ದುಡಿಯುವವರಲ್ಲಿ ಬಹುಪಾಲು ಜನರಿಗೆ ಸಂಬಳದ ಚೀಟಿಯಿಲ್ಲ, ಕಾಯಿಲೆಯ ರಜೆಯಿಲ್ಲ. ತಿಂಗಳಿಗೆ ತಲಾ 5 ಕಿಲೋ ಉಚಿತ ಧಾನ್ಯ, ಮಹಿಳೆಯರ ಜನಧನ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ ಬಂದವು. ಬಾಡಿಗೆ ಕಟ್ಟಲು, ಊರಿಂದ ದೂರದಲ್ಲಿ ಬದುಕಲು ಅದು ಸಾಲಲಿಲ್ಲ. ಲಕ್ಷಾಂತರ ಜನ ನಡೆದುಕೊಂಡೇ ಊರಿಗೆ ಹೊರಟರು. ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ಸುಮಾರು 24% ಕುಸಿಯಿತು.

ಕಾಗದದ ಮೇಲಿನ ನಿಯಮ ಒಂದೇ ಆದರೂ ಬದುಕು ಒಂದೇ ಅಲ್ಲ ಎನ್ನಲು ಮುಂಬೈ ಸಾಕ್ಷಿ. 2020ರ ಜುಲೈನಲ್ಲಿ ಅಲ್ಲಿನ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕೊಳೆಗೇರಿಗಳಲ್ಲಿ 57% ಜನರಲ್ಲಿ ಸೋಂಕಿನ ಪ್ರತಿಕಾಯಗಳು ಸಿಕ್ಕವು. ಉಳಿದ ಬಡಾವಣೆಗಳಲ್ಲಿ 16%. ಒಂದೇ ನಗರ, ಒಂದೇ ಲಾಕ್‌ಡೌನ್. ಹತ್ತಾರು ಮನೆಗಳಿಗೆ ಒಂದೇ ಶೌಚಾಲಯ ಇರುವ ಕಡೆ ಅಂತರ ಕಾಯುವುದಾದರೂ ಹೇಗೆ? ಅತ್ತ ಲಾಕ್‌ಡೌನ್ ಇಲ್ಲದ ಸ್ಟಾಕ್‌ಹೋಮ್‌ನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಪ್ರತಿಕಾಯ ಕಂಡದ್ದು 7.3% ಜನರಲ್ಲಿ. ತಿಂಗಳುಗಳು ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ತೂಗಬಾರದು. ಆದರೆ ಸ್ವೀಡನ್ ಬೇಗನೆ "ಹರ್ಡ್ ಇಮ್ಯುನಿಟಿ" ಮುಟ್ಟಿತು ಎಂಬ ಅಂದಿನ ಪ್ರಚಾರಕ್ಕೆ ಆಧಾರವಿರಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಸ್ವೀಡನ್ ತನ್ನ ಬಗ್ಗೆ ತಾನೇ ಏನು ಹೇಳಿಕೊಂಡಿತು?

ಸ್ವೀಡನ್ ಒಂದು ಸ್ವತಂತ್ರ ಕೊರೊನಾ ಆಯೋಗ ನೇಮಿಸಿತು. 2020ರ ಡಿಸೆಂಬರ್‌ನ ಮೊದಲ ವರದಿ, ವೃದ್ಧರನ್ನು ಕಾಪಾಡುವುದರಲ್ಲಿ ದೇಶ ವಿಫಲವಾಯಿತು ಎಂದಿತು. ಆರೈಕೆ ಗೃಹಗಳಲ್ಲಿ ಸಿಬ್ಬಂದಿ ಕೊರತೆ, ಗಂಟೆ ಲೆಕ್ಕದ ತಾತ್ಕಾಲಿಕ ಕೆಲಸಗಾರರು, ಇವೆಲ್ಲ ಸಾಂಕ್ರಾಮಿಕಕ್ಕೆ ಮೊದಲೇ ಗೊತ್ತಿದ್ದ ದೋಷಗಳು. 2022ರ ಫೆಬ್ರವರಿಯ ಅಂತಿಮ ವರದಿ ಎರಡು ಮಾತನ್ನೂ ಹೇಳಿತು: ಸಲಹೆಯನ್ನು ನೆಚ್ಚಿದ, ಲಾಕ್‌ಡೌನ್ ಇಲ್ಲದ ಮಾರ್ಗ ಮೂಲತಃ ಸರಿ, ಆದರೆ 2020ರ ಫೆಬ್ರವರಿ-ಮಾರ್ಚ್‌ನಲ್ಲಿ ಇನ್ನೂ ಬೇಗ, ಇನ್ನೂ ಬಿಗಿಯಾದ ಕ್ರಮ ಬೇಕಿತ್ತು. "ಗೆದ್ದಿತು" ಎನ್ನುವವರೂ "ಸೋತಿತು" ಎನ್ನುವವರೂ ಈ ವರದಿಯ ಅರ್ಧವನ್ನು ಮಾತ್ರ ಓದುತ್ತಾರೆ.

ಮುಂದಿನ ಸಲ ಇಂತಹ ಸಂದೇಶ ಬಂದಾಗ

ಐದು ಪ್ರಶ್ನೆ ಕೇಳಿ ನೋಡಿ:

• ಹೋಲಿಸಿದ್ದು ಯಾವ ದೇಶದ ಜೊತೆ, ಅದನ್ನೇ ಆರಿಸಿದ್ದೇಕೆ?
• ಎಂದಿನಿಂದ ಎಂದಿನವರೆಗಿನ ಲೆಕ್ಕ?
• ವರದಿಯಾದ ಸಾವೋ, ಹೆಚ್ಚುವರಿ ಸಾವೋ? ಜನಸಂಖ್ಯೆಗೂ ವಯಸ್ಸಿಗೂ ಹೊಂದಿಸಿದ್ದಾರೆಯೆ?
• ಆದೇಶ ಹೇಳಿದ್ದು ಏನು, ಜನ ನಿಜವಾಗಿ ಮಾಡಿದ್ದು ಏನು?
• ಮನೆಯಲ್ಲಿ ಉಳಿದವರಿಗೆ ಊಟ, ಬಾಡಿಗೆ, ಸಂಬಳ ಎಲ್ಲಿಂದ ಬಂತು?

ಕೊನೆಯ ಪ್ರಶ್ನೆಯನ್ನೇ ನಾವು ಅತಿ ಕಡಿಮೆ ಕೇಳಿದೆವು. ಸ್ವೀಡನ್‌ನ ಸಲಹೆಗಳನ್ನಾಗಲಿ, ಡೆನ್ಮಾರ್ಕ್‌ನ ಲಾಕ್‌ಡೌನನ್ನಾಗಲಿ ಒಂದೇ ದಿನದಲ್ಲಿ ನಕಲು ಮಾಡಬಹುದು. ಅವುಗಳ ಅಡಿಯಲ್ಲಿರುವ ಕಾಯಿಲೆ ರಜೆ, ವೇತನ ಭದ್ರತೆ, ಜನನ-ಮರಣದ ಸರಿಯಾದ ನೋಂದಣಿಗಳನ್ನು ಕಟ್ಟಲು ದಶಕಗಳು ಬೇಕು. ಆ ಕೆಲಸ ಸಾಂಕ್ರಾಮಿಕ ಇಲ್ಲದ ದಿನಗಳಲ್ಲೇ ನಡೆಯಬೇಕು.