ಎದೆಯುರಿ ಮತ್ತು ಜೋಳದ ಊಟ: ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಆಹಾರಕ್ರಮದ ಒಂದು ಪರಿಶೀಲನೆ

ಆಯುರ್ವೇದದ ಕಾಶ್ಯಪ ಸಂಹಿತೆಯಲ್ಲಿ ಅಮ್ಲಪಿತ್ತಕ್ಕೆ, ಎಂದರೆ ಹುಳಿತೇಗು, ಎದೆಯುರಿಯ ರೋಗಕ್ಕೆ, ಪ್ರತ್ಯೇಕ ಅಧ್ಯಾಯವಿದೆ. ಈ ರೋಗ ಹೆಚ್ಚಾಗಿ ಹುಟ್ಟುವುದು ಅನೂಪ ದೇಶದಲ್ಲಿ, ಎಂದರೆ ತೇವ ಹೆಚ್ಚಿರುವ ನಾಡಿನಲ್ಲಿ, ಎನ್ನುತ್ತದೆ ಆ ಗ್ರಂಥ. ಜಾಂಗಲ ದೇಶದ, ಎಂದರೆ ಒಣನಾಡಿನ, ಮದ್ದುಗಳಿಂದ ಅದನ್ನು ಗೆಲ್ಲಬೇಕು. ಅದಕ್ಕೂ ಬಗ್ಗದಿದ್ದರೆ ರೋಗಿ ಊರು ಬಿಟ್ಟು ಬೇರೆ ದೇಶಕ್ಕೆ ಹೋಗುವುದು ಹಿತ ಎನ್ನುತ್ತದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆ, ಎರೆಭೂಮಿ, ಬಿಳಿಜೋಳ, ಬೇವು, ಜಾಲಿ: ವಿಜಯಪುರವನ್ನು ಜಾಂಗಲವೆನ್ನಲು ಇನ್ನೇನು ಬೇಕು? ಆದರೆ ಹುಳಿತೇಗು, ಎದೆಯುರಿ ಇಲ್ಲಿಯೂ ದಿನದ ಮಾತು. ರೋಗ ನೆಲದ ತೇವದಲ್ಲಿಲ್ಲದಿದ್ದರೆ ಎಲ್ಲಿದೆ? ತಾಟಿನಲ್ಲಿದೆಯೇ, ತಾಟಿನ ಮುಂದೆ ಕೂರುವ ಹೊತ್ತಿನಲ್ಲಿದೆಯೇ? ಈ ಲೇಖನ ಎತ್ತಿಕೊಂಡಿರುವುದು ಈ ಪ್ರಶ್ನೆಯನ್ನು.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಈ ಭಾಗದಲ್ಲಿ "ಪಿತ್ತ ಆಗೇದ" ಎಂದರೆ ಹುಳಿ ಕಕ್ಕುವುದೂ ಆಗಬಹುದು, ಅರೆತಲೆನೋವಿನ ವಾಕರಿಕೆಯೂ ಆಗಬಹುದು. "ಗ್ಯಾಸ್" ಎಂಬುದು ಹೊಟ್ಟೆಯುಬ್ಬರದಿಂದ ಹಿಡಿದು ಎದೆಯ ಹಿಡಿತದವರೆಗೆ ಎಲ್ಲಕ್ಕೂ ಒದಗುವ ಪದ. ವೈದ್ಯಶಾಸ್ತ್ರದ ಅರ್ಥ ಇದಕ್ಕಿಂತ ಕಿರಿದು. ಜಠರದಲ್ಲಿರುವುದು ಅನ್ನನಾಳಕ್ಕೆ ಮರಳಿ ನುಗ್ಗಿ, ಅದರಿಂದ ಕಾಡುವ ತೊಂದರೆ ಅಥವಾ ತೊಡಕು ಉಂಟಾದರೆ ಅದು ಆಮ್ಲ ಹಿಮ್ಮರಳುವಿಕೆಯ ರೋಗ ಎಂದು 2006ರ ಮಾಂಟ್ರಿಯಲ್ ವ್ಯಾಖ್ಯೆ ಹೇಳುತ್ತದೆ. ಭಾರತದ ಜಠರ-ಕರುಳು ತಜ್ಞರ ಸಂಘದ ಕಾರ್ಯಪಡೆ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದರ ಪ್ರಮಾಣ ಶೇ. 7.6. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯಲ್ಲಿ ಅದು ಶೇ. 15.6. ಒಂದೇ ದೇಶದಲ್ಲಿ ಅಂಕಿ ಇಮ್ಮಡಿಯಾಗುವುದಕ್ಕೆ ಊರು, ಊಟಗಳ ಭೇದದಷ್ಟೇ ಪ್ರಶ್ನೆ ಕೇಳಿದ ಮಾತೂ ಕಾರಣವೆಂದು ನಾನು ತಿಳಿಯುತ್ತೇನೆ. "ನಿಮಗೆ ಅಸಿಡಿಟಿ ಇದೆಯೇ" ಎಂದು ಕೇಳಿದರೆ ಬರುವ ಉತ್ತರ ಒಂದು; "ಉಂಡ ಮೇಲೆ ಎದೆಗುಂಡಿಯಿಂದ ಗಂಟಲಿಗೆ ಉರಿ ಏರುತ್ತದೆಯೇ, ವಾರಕ್ಕೆ ಎಷ್ಟು ಸಲ" ಎಂದು ಕೇಳಿದರೆ ಬರುವುದು ಮತ್ತೊಂದು.

ರೋಗದ ಮೂಲ ಆಮ್ಲ ಹೆಚ್ಚಾಗುವುದರಲ್ಲಿ ಇಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬಹುಪಾಲು ರೋಗಿಗಳ ಜಠರದಲ್ಲಿ ಆಮ್ಲ ಎಲ್ಲರಂತೆಯೇ ಇರುತ್ತದೆ. ಅನ್ನನಾಳದ ಬುಡದಲ್ಲಿರುವ ಬಿಗಿಸ್ನಾಯು, ನುಂಗದ ಹೊತ್ತಿನಲ್ಲೂ ಸಡಿಲಾಗುತ್ತದೆ; ಆಗ ಆಮ್ಲ ಮೇಲೇರುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡಾಗ ಈ ಸಡಿಲಿಕೆ ಹೆಚ್ಚುತ್ತದೆ. ಎಣ್ಣೆ, ತುಪ್ಪದ ಊಟ ಸ್ನಾಯುವಿನ ಬಿಗಿಯನ್ನು ಇಳಿಸುತ್ತದೆ, ಜಠರವನ್ನು ಬೇಗ ಖಾಲಿಯಾಗಗೊಡುವುದಿಲ್ಲ. ಬೊಜ್ಜು ಕೆಳಗಿನಿಂದ ಒತ್ತುತ್ತದೆ. ತಂಬಾಕಿನ ನಿಕೋಟಿನ್ ಸಹ ಆ ಸ್ನಾಯುವನ್ನು ಸಡಿಲಿಸುತ್ತದೆ. ಸುಣ್ಣದೊಂದಿಗೆ ತಿಕ್ಕಿ ತುಟಿಯೊಳಗಿಟ್ಟರೂ ನಿಕೋಟಿನ್ ನಿಕೋಟಿನ್ನೇ.

ಈ ತಿಳಿವಿನಿಂದ ಇಲ್ಲಿನ ಊಟವನ್ನು ನೋಡೋಣ. ಜೋಳದ ರೊಟ್ಟಿ "ಉಷ್ಣ", ಎದೆಯುರಿ ಇದ್ದವರು ರೊಟ್ಟಿ ಬಿಟ್ಟು ಅನ್ನ ಉಣ್ಣಬೇಕು ಎಂಬ ಸಲಹೆ ಮನೆಮನೆಯಲ್ಲೂ ಕೇಳುತ್ತದೆ. ಇದಕ್ಕೆ ಆಧಾರ ತೀರ ತೆಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರು ಕಡಿಮೆ ತಿನ್ನುವ ರೋಗಿಗಳಿಗೆ ಇಸಬಗೋಲು ಕೊಟ್ಟು ನೋಡಿದ 2018ರ ರಷ್ಯಾದ ಅಧ್ಯಯನದಲ್ಲಿ ಬಿಗಿಸ್ನಾಯುವಿನ ವಿಶ್ರಾಂತಿ ಕಾಲದ ಒತ್ತಡ ಏರಿ, ಎದೆಯುರಿಯ ದಿನಗಳು ಇಳಿದಿದ್ದವು. ಜೋಳ ಇಸಬಗೋಲಲ್ಲ, ನಿಜ. ಆದರೂ ನಾರಿನ ಧಾನ್ಯವನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದಕ್ಕೆ ಮೊದಲು ಅದರ ಪಕ್ಕದಲ್ಲಿ ಏನಿತ್ತು ಎಂದು ನೋಡಬೇಕಲ್ಲವೇ?

ಪಕ್ಕದಲ್ಲಿರುವುದು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ ಪಲ್ಲೆ, ಕೆಂಪು ಖಾರ, ಅದರ ಮೇಲೊಂದಿಷ್ಟು ಹಸಿ ಎಣ್ಣೆ, ಜಜ್ಜಿದ ಉಳ್ಳಾಗಡ್ಡಿ. ಖಾರದ ವಿಷಯದಲ್ಲಿ ಜನರ ಅನುಭವವೂ ಪ್ರಯೋಗಶಾಲೆಯೂ ಅರ್ಧದಾರಿಯವರೆಗೆ ಜೊತೆಯಾಗಿ ನಡೆಯುತ್ತವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರಗಳಲ್ಲಿರುವ, ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ಎಬ್ಬಿಸುತ್ತದೆ. 1997ರಲ್ಲಿ ಆ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾಲು ಸಂದಿತು. ಆದರೆ ಊಟದೊಂದಿಗೆ ಕ್ಯಾಪ್ಸೈಸಿನ್ ಕೊಟ್ಟು ಪರೀಕ್ಷಿಸಿದ 2000ದ ಒಂದು ಅಧ್ಯಯನದಲ್ಲಿ ಉರಿ ಬೇಗ ಏರಿತೇ ಹೊರತು ಆಮ್ಲದ ಮರಳುವಿಕೆ ಹೆಚ್ಚಲಿಲ್ಲ. ಖಾರ ಉರಿಯನ್ನು ದೊಡ್ಡದು ಮಾಡುತ್ತದೆ, ಆಮ್ಲವನ್ನು ಮೇಲೇರಿಸುವುದಿಲ್ಲ. ಹಾಗಾಗಿ ಖಾರ ಬಿಟ್ಟವರಿಗೆ ನೋವು ಇಳಿದರೂ ರೋಗ ಉಳಿದಿರಬಹುದು. ಹಸಿ ಉಳ್ಳಾಗಡ್ಡಿಯ ಲೆಕ್ಕವೇ ಬೇರೆ. 1990ರ ಅಮೆರಿಕದ ಪ್ರಯೋಗವೊಂದರಲ್ಲಿ, ಎದೆಯುರಿ ಇರುವವರು ಹಸಿ ಉಳ್ಳಾಗಡ್ಡಿಯೊಡನೆ ಉಂಡಾಗ ಆಮ್ಲದ ಮರಳುವಿಕೆಯೇ ಹೆಚ್ಚಿತು, ಆರೋಗ್ಯವಂತರಲ್ಲಿ ಹೆಚ್ಚಲಿಲ್ಲ. ನಮ್ಮಲ್ಲಿ ಎಲ್ಲರೂ ಬೈಯುವುದು ಖಾರವನ್ನು. ಉಳ್ಳಾಗಡ್ಡಿ "ತಂಪು" ಎಂಬ ಹೆಸರಿನಲ್ಲಿ ತಪ್ಪಿಸಿಕೊಳ್ಳುತ್ತದೆ.

ಮಿರ್ಚಿ ಭಜಿಯಲ್ಲಿ ಮೂರು ಸಂಗತಿ ಒಟ್ಟಿಗೆ ಸೇರುತ್ತವೆ: ಕರಿದ ಎಣ್ಣೆ, ಮೆಣಸಿನಕಾಯಿ, ಮೇಲೆ ಚಹಾ. ಅಮೆರಿಕದ ದಾದಿಯರ ದೀರ್ಘ ಅಧ್ಯಯನದಿಂದ ಬಂದ 2020ರ ವಿಶ್ಲೇಷಣೆಯಲ್ಲಿ ದಿನಕ್ಕೆ ಆರಕ್ಕೂ ಹೆಚ್ಚು ಲೋಟ ಚಹಾ, ಕಾಫಿ ಅಥವಾ ಸೋಡಾ ಕುಡಿಯುವವರಿಗೆ ಎದೆಯುರಿಯ ಸಾಧ್ಯತೆ ಹೆಚ್ಚಿತ್ತು. ಎರಡು ಲೋಟವನ್ನು ನೀರಿಗೆ ಬದಲಿಸಿಕೊಂಡರೆ ಇಳಿಯಬಹುದೆಂಬ ಲೆಕ್ಕ ಅದರಲ್ಲಿತ್ತು. ಬೆಳಗಿನ ಹಸಿಹೊಟ್ಟೆಯ ಚಹಾದಿಂದ ಎಣಿಸಿದರೆ ವಿಜಯಪುರದ ಬಜಾರಿನಲ್ಲಿ ದುಡಿಯುವವರಿಗೆ ಆರು ಕಪ್ಪು ದಾಟುವುದು ಸಹಜ. ಜಡ ಊಟದ ಮೇಲೆ ಕುಡಿಯುವ ಲಿಂಬು ಸೋಡಾ ತೇಗು ತರುತ್ತದೆ. ತೇಗು ಬರುವುದೆಂದರೆ ಅದೇ ಸ್ನಾಯು ತೆರೆದುಕೊಳ್ಳುವುದು. ಹಗುರಾದಂತೆ ಅನಿಸುವ ಕ್ಷಣದಲ್ಲೇ ಆಮ್ಲಕ್ಕೆ ದಾರಿಯಾಗುತ್ತದೆ.

ಇಷ್ಟಾದರೂ ಪದಾರ್ಥಕ್ಕಿಂತ ಹೊತ್ತು ದೊಡ್ಡದೆಂಬುದು ನನ್ನ ನಿಲುವು. ಜಪಾನಿನ 2005ರ ಅಧ್ಯಯನವೊಂದರಲ್ಲಿ, ರಾತ್ರಿ ಉಂಡು ಮೂರು ತಾಸಿನೊಳಗೆ ಮಲಗುವವರಲ್ಲಿ ಈ ರೋಗದ ಸಂಭವ ನಾಲ್ಕು ತಾಸು ಕಾಯುವವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಯಾವ ಒಂದು ತಿನಿಸಿನ ಮೇಲೂ ಇಷ್ಟು ದೊಡ್ಡ ಅಂಕಿ ಸುಲಭಕ್ಕೆ ಸಿಗದು. ತಿಕೋಟಾ ಭಾಗದ ದ್ರಾಕ್ಷಿ ತೋಟಗಳನ್ನು ಈ ಕಣ್ಣಿನಿಂದ ನೋಡಬೇಕು. ಏಪ್ರಿಲ್ ಮತ್ತು ಅಕ್ಟೋಬರಿನ ಚಾಟನಿ (ಬಳ್ಳಿ ಸವರುವುದು), ಮೇಲಿಂದ ಮೇಲೆ ಔಷಧ ಸಿಂಪಡಣೆ, ಮುಂದೆ ಒಣದ್ರಾಕ್ಷಿ ಶೆಡ್ಡಿನ ಕೆಲಸ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ನೀರು ಬಿಡುವುದೂ ರಾತ್ರಿಯೇ. ತೋಟದಿಂದ ಮರಳಿ ಹತ್ತು, ಹನ್ನೊಂದಕ್ಕೆ ಹೊಟ್ಟೆ ತುಂಬ ಉಂಡು, ಹಾಗೇ ಅಡ್ಡಾಗುವುದು ದುಶ್ಚಟವಲ್ಲ, ದುಡಿಮೆಯ ವ್ಯವಸ್ಥೆ. ಡೋಣಿ ನದಿಯ ದಂಡೆಯ ಬಬಲೇಶ್ವರದ ಕಡೆ ಮತ್ತೊಂದು ಸಂಗತಿಯಿದೆ. ಹಿಂಗಾರಿ ಜೋಳವನ್ನು ಬೇರುಸಹಿತ ಕೀಳುವ ಸುಗ್ಗಿಯಲ್ಲಿ ಬುತ್ತಿ ಬಿಚ್ಚಿ ಉಂಡ ಕೂಡಲೇ ಮತ್ತೆ ಸೊಂಟ ಬಗ್ಗಿಸಬೇಕು. ತುಂಬಿದ ಹೊಟ್ಟೆಯ ಮೇಲೆ ಬಗ್ಗುವುದು ಹಿಮ್ಮರಳುವಿಕೆಗೆ ನೇರ ಕರೆ. ಕಾಶ್ಯಪ ಸಂಹಿತೆ ಕೊಡುವ ಕಾರಣಗಳ ಪಟ್ಟಿಯಲ್ಲೂ ಉಂಡುಂಡು ಹಗಲು ಮಲಗುವುದು ಸೇರಿದೆ ಎಂಬುದನ್ನು ಗಮನಿಸಬೇಕು; ದೇಶದ ಮಾತಿನಲ್ಲಿ ಅದು ಇಲ್ಲಿಗೆ ಹೊಂದದಿದ್ದರೂ ಹೊತ್ತಿನ ಮಾತಿನಲ್ಲಿ ಹೊಂದುತ್ತದೆ.

ಅದೇ ಪಟ್ಟಿಯಲ್ಲಿ ಹುರುಳಿಯೂ ಇದೆ. ಇಲ್ಲಿ ಕರ್ನಾಟಕದ್ದೇ ಒಂದು ಪ್ರಸಂಗವನ್ನು ನೆನೆಯಬೇಕು. 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಡ್ಯುಯೊಡಿನಮ್ ಹುಣ್ಣು ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಹೆಚ್ಚು, ಗೋಧಿ ಉಣ್ಣುವ ಉತ್ತರದಲ್ಲಿ ಕಡಿಮೆ ಎಂದು ಗುರುತಿಸಿದರು. 1979 ಮತ್ತು 1980ರಲ್ಲಿ 'ಗಟ್' ಪತ್ರಿಕೆಯಲ್ಲಿ ಅವರ ಲೇಖನಗಳು ಬಂದವು. ಹುಣ್ಣು ಕಡಿಮೆಯಿರುವ ನಾಡಿನ ಧಾನ್ಯ, ಕಾಳುಗಳನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ಹುರುಳಿಯ ಕೊಬ್ಬಿನಂಶ ಹುಣ್ಣಿನಿಂದ ಕಾಪಾಡುವಂತೆ ಕಂಡಿತು. ಗ್ರಂಥ ದೂಷಿಸಿದ್ದನ್ನು ಪ್ರಯೋಗ ಮೆಚ್ಚಿತು. ಎರಡೂ ತಪ್ಪಾಗಬೇಕಿಲ್ಲ: ಹುಣ್ಣು ಬೇರೆ, ಹಿಮ್ಮರಳುವಿಕೆ ಬೇರೆ. ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆಯೆಂದು ವಾರನ್ ಮತ್ತು ಮಾರ್ಷಲ್ ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ಎದೆಯುರಿಗೆ ಆ ವಿವರಣೆ ಸಲ್ಲದು. "ಹೊಟ್ಟೆಗೆ ಒಳ್ಳೆಯದು" ಎಂಬ ಒಂದೇ ಮಾತಿನಡಿ ಎರಡನ್ನೂ ತುರುಕಿದ್ದರಿಂದ ಆಹಾರದ ಸಲಹೆಗಳು ಇಷ್ಟು ಗೋಜಲಾಗಿವೆ.

ಪರಿಹಾರದ ಮಾತು. ಚಾಕೊಲೇಟ್, ಪುದೀನ, ಟೊಮೇಟೊ ಬಿಡಿ ಎಂಬ ಅಚ್ಚಾದ ಪಟ್ಟಿಯಿಂದ ಬಬಲೇಶ್ವರದ ರೈತನಿಗೆ ಏನೂ ಸಿಗುವುದಿಲ್ಲ. ಅವನ ಅಡುಗೆಮನೆಯ ಹೆಸರುಗಳಲ್ಲೇ ಎರಡು ವಾರದ ದಾಖಲೆ ಆಗಬೇಕು: ಎಷ್ಟು ಗಂಟೆಗೆ ಉಂಡದ್ದು, ಎಷ್ಟು ರೊಟ್ಟಿ, ಹಿಂಡಿಯ ಮೇಲೆ ಎಣ್ಣೆ ಎಷ್ಟು, ಉಳ್ಳಾಗಡ್ಡಿ ಹಸಿಯೋ ಬೆಂದದ್ದೋ, ಉಂಡ ಮೇಲೆ ಬಗ್ಗಿದ್ದೋ ಕೂತದ್ದೋ ಮಲಗಿದ್ದೋ, ಉರಿ ಬಂದದ್ದು ಯಾವಾಗ. ಓದು ಬಾರದವರಿಗೆ ಮನೆಯ ಶಾಲೆಮಕ್ಕಳು ಬರೆದುಕೊಡಬಹುದು. ಮೂರನೆಯ ವಾರ ಅನುಮಾನದ ಒಂದೇ ಒಂದನ್ನು ಬಿಡುವುದು, ಐದನೆಯ ವಾರ ಅದನ್ನೇ ಮರಳಿ ತರುವುದು. ಮರಳಿದಾಗ ಉರಿಯೂ ಮರಳಿದರೆ ಮಾತ್ರ ಅದು ಕಾರಣ. ಎಲ್ಲವನ್ನೂ ಒಮ್ಮೆಲೇ ಬಿಟ್ಟವರು ಸೊರಗುತ್ತಾರೆ, ಕಾರಣವೂ ಕೈಗೆ ಸಿಗುವುದಿಲ್ಲ.

ತಣ್ಣನೆಯ ಹಾಲು ಉರಿಯನ್ನು ತುಸು ಹೊತ್ತು ಆರಿಸುತ್ತದೆ; ಅದರ ಕ್ಯಾಲ್ಸಿಯಂ, ಪ್ರೋಟೀನುಗಳು ಬಳಿಕ ಆಮ್ಲವನ್ನು ಮತ್ತೆ ಪ್ರಚೋದಿಸುತ್ತವೆ. ಮಜ್ಜಿಗೆ ಕೆಲವರಿಗೆ ಆಗುತ್ತದೆ, ಹುಳಿಯಾದದ್ದು ಹಲವರಿಗೆ ಆಗದು. ಇದನ್ನೂ ದಾಖಲೆಯೇ ಹೇಳಬೇಕು. ರಾತ್ರಿ ನೀರು ಬಿಡಲೇಬೇಕಾದವರು ದೊಡ್ಡ ಊಟವನ್ನು ಸಂಜೆ ತೋಟಕ್ಕೆ ಹೋಗುವ ಮುಂಚೆ ಮುಗಿಸಿ, ಮರಳಿ ಬಂದ ಮೇಲೆ ಹಸಿವಾದರೆ ತೆಳ್ಳನೆಯ ನುಚ್ಚು ಉಣ್ಣಬಹುದು. ಎಡಮಗ್ಗುಲಾಗಿ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ. ಹೊರಸಿನ ತಲೆಬದಿಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಕಟ್ಟಿಗೆ ಇಡುವುದು ದುಡ್ಡಿಲ್ಲದ ಚಿಕಿತ್ಸೆ. ನೆಲದ ಮೇಲೆ ಮಲಗುವವರು ಬರೀ ತಲೆಗೆ ಎರಡು ದಿಂಬು ಇಟ್ಟರೆ ಕುತ್ತಿಗೆ ಬಾಗಿ ಹೊಟ್ಟೆ ಮಡಚುತ್ತದೆ; ಕೌದಿಗಳನ್ನು ಮಡಚಿ ಬೆನ್ನಿನಿಂದ ತಲೆಯವರೆಗೆ ಇಳಿಜಾರು ಮಾಡಿಕೊಳ್ಳಬೇಕು.

ಆಹಾರ ಬದಲಿಸಿ ನೋಡುತ್ತ ಕಾಯಬಾರದ ಸಂದರ್ಭಗಳೂ ಇವೆ. ರೊಟ್ಟಿಯ ತುತ್ತು ಗಂಟಲಿಳಿಯದೆ ಸಿಕ್ಕಿಕೊಳ್ಳುವುದು, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು: ಇವಕ್ಕೆ ಎಂಡೋಸ್ಕೋಪಿ ಬೇಕು. ಮೈಕೈ ನೋವಿಗೆ ದಿನವೂ ಗುಳಿಗೆ ನುಂಗುವವರು ಅದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ನಡೆಯುವಾಗ ಎದೆ ಹಿಡಿದು, ಬೆವರಿ, ಎಡತೋಳಿಗೋ ದವಡೆಗೋ ನೋವು ಇಳಿದರೆ ಅದಕ್ಕೆ "ಗ್ಯಾಸ್" ಎಂದು ಹೆಸರಿಟ್ಟು ಸೋಡಾ ಕುಡಿಸುತ್ತ ಮನೆಯಲ್ಲಿ ಕೂರಬಾರದು. ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ಆಗಲೇ ಗಾಡಿ ಮಾಡಿಕೊಂಡು ಇಸಿಜಿ ಇರುವ ಆಸ್ಪತ್ರೆಗೆ ಹೊರಡಬೇಕು.