ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ ಬೆಳೆದ ಒಂದು ಚಿಕ್ಕ ಸಮಾಜ

ಬಾಸೆಲ್ ಮಿಷನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1843ರ ‘ಮಂಗಳೂರ ಸಮಾಚಾರ’ ಮತ್ತು 1894ರ ಕಿಟೆಲ್ ನಿಘಂಟು. ಮೋಗ್ಲಿಂಗ್, ಕಿಟೆಲ್ ಇವರನ್ನು ನಾವು ಮರೆತಿಲ್ಲ, ಮರೆಯಲೂಬಾರದು. ಆದರೆ ಅವರ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ, ಅವರ ಮಗ್ಗಗಳಲ್ಲಿ ನೇಯ್ದ ಜನರಾರು, ಅವರ ಸ್ಥಿತಿಗತಿ ಏನಾಯಿತು ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ವಿಚಾರಿಸುವುದು ಅಪರೂಪ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಹಿಂದಿನ ವರ್ಷದ ಸನ್ನದು ಕಾಯಿದೆಯಿಂದ ಬ್ರಿಟಿಷರಲ್ಲದ ಪಾದ್ರಿಗಳಿಗೂ ಈ ದೇಶದ ಬಾಗಿಲು ತೆರೆದಿತ್ತು. ಕರಾವಳಿಯಲ್ಲಿ ಕೊಂಕಣಿಯಾಡುವ ಕಥೋಲಿಕರು ಮೊದಲೇ ಬೇರೂರಿದ್ದರು. ಹೊಸದಾಗಿ ಪ್ರಾಟೆಸ್ಟಂಟರಾದವರು ಹೀಗೆ ಅಲ್ಪಸಂಖ್ಯಾತರಲ್ಲಿಯೇ ಅಲ್ಪಸಂಖ್ಯಾತರು. ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷೆ ಪಡೆದಾಗ ಊರೇ ಕಲಕಿತೇನೋ ನಿಜ. ಆದರೆ ಹೆಚ್ಚಿನವರು ಬಂದದ್ದು ಬಿಲ್ಲವರಿಂದ, ತುಳು ಮಾತಿನ ಮನೆಗಳಿಂದ.

ಇವರು ಕಳೆದುಕೊಂಡುದು ಜಾತಿಯನ್ನು ಮಾತ್ರವಲ್ಲ. ಕಳ್ಳು ಇಳಿಸುವ ಕಸುಬನ್ನು ಮಿಷನ್ ಒಪ್ಪಲಿಲ್ಲ. ಆದ್ದರಿಂದ ಕುಲದ ಜೀವನೋಪಾಯ ತಪ್ಪಿತು. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದೆಂದು 1850ರ ಕಾಯಿದೆ ಹೇಳಿತು. ಆದರೆ ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿ ಇಡೀ ಕುಟುಂಬದ್ದು. ಒಬ್ಬನು ತನ್ನ ಪಾಲನ್ನು ಒಡೆದು ಕೊಡಿರೆಂದು ಒತ್ತಾಯಿಸುವಂತಿರಲಿಲ್ಲ. ಮನೆ ಬಿಟ್ಟವನಿಗೆ ಆ ಕಾನೂನು ಊಟ ಹಾಕಲಿಲ್ಲ.

ಮಿಷನ್ನಿನ ಕೈಗಾರಿಕೆಗಳು ಹುಟ್ಟಿದ್ದು ಈ ಇಕ್ಕಟ್ಟಿನಿಂದ. 1851ರಲ್ಲಿ ಜಾನ್ ಹಾಲರ್ ನೇಯ್ಗೆಯ ಹೊಣೆ ಹೊತ್ತರು. ಖಾಕಿ ಬಣ್ಣ ಬಲ್ಮಠದಲ್ಲೇ ಹುಟ್ಟಿತೆಂದು ಮಂಗಳೂರಿನವರು ಅಭಿಮಾನದಿಂದ ಹೇಳುತ್ತಾರೆ. ಪೇಶಾವರದ ಪಡೆಯ ಕಥೆ ಬೇರೆ ಇದೆ, ಇರಲಿ. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣಿನಿಂದಾದ ಆ ಹೆಂಚು ಘಟ್ಟ ಹತ್ತಿತು. ನಮ್ಮ ಕೆಂಗೇರಿಯಂಥ ಹಳೆಯ ಊರುಗಳಲ್ಲೂ ಅದೇ ಜಾತಿಯ ಹೆಂಚಿನ ಮಾಡುಗಳಿದ್ದವು. ಅವುಗಳಡಿಯಲ್ಲಿ ಮಲಗಿದವರಿಗೆ ಈ ಹಿಂದಣ ಕಥೆ ತಿಳಿದಿರಬೇಕಾಗಿರಲಿಲ್ಲ.

ಅನ್ನ ದೊರೆಯಿತು, ಗೌರವವೂ ದೊರೆಯಿತು. ಆದರೆ ಸಭೆಯ ಹಿರಿಯರೂ ಕಾರ್ಖಾನೆಯ ಯಜಮಾನರೂ ಒಂದೇ ಸಂಸ್ಥೆಯವರಾದಾಗ ಕೂಲಿಯಾಳಿಗೆ ಎದುರುಮಾತು ಆಡುವ ಎಡೆ ಎಲ್ಲಿ? ಪಾದ್ರಿಗಳ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಹಳೆಯ ಕುಟುಂಬದ ಯಜಮಾನಿಕೆಯಿಂದ ಹೊರಬಂದವನು ಇನ್ನೊಂದು ಮನೆತನಕ್ಕೆ ಸೇರಿದಂತಾಯಿತು ಎಂಬುದನ್ನು ಮಾತ್ರ ಹೇಳಬೇಕು.

1914ರಲ್ಲಿ ಯುದ್ಧ ಬಂತು. ಮಿಷನ್ನಿನ ಕೇಂದ್ರ ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಪಾದ್ರಿಗಳಲ್ಲಿ ಬಹುಮಂದಿ ವ್ಯೂರ್ಟೆಂಬರ್ಗ್ ಕಡೆಯ ಜರ್ಮನರು. ಸರ್ಕಾರದ ಕಣ್ಣಿಗೆ ಅವರು ಶತ್ರುಗಳಾದರು. ಅಹಮದ್‌ನಗರದ ಬಂದೀ ಶಿಬಿರವನ್ನು ಕಂಡವರೂ ಅವರಲ್ಲಿದ್ದರು. ಮುಂದೆ ಅವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಎಂಬತ್ತು ವರ್ಷ ಆಸರೆಯಾಗಿದ್ದ ಗೋಡೆ ಹೀಗೆ ಪರರ ಜಗಳದಲ್ಲಿ ಕುಸಿಯಿತು. ಯೂರೋಪಿನ ಯಾವ ಅರಸನ ಪ್ರಜೆಯೂ ಆಗಿರದ ಬಲ್ಮಠದ ನೇಕಾರ ಅದರ ಬೆಲೆ ತೆರಬೇಕಾಯಿತು.

1919ರಲ್ಲಿ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪೆನಿಯ ವಶವಾದವು. ಉಪದೇಶ ಮಾಡುವವರು ಬೇರೆ, ಸಂಬಳ ಕೊಡುವವರು ಬೇರೆ ಎಂಬ ಅನುಭವ ಈ ಸಮಾಜಕ್ಕೆ ಆದದ್ದು ಆಗಲೇ. ಸಭೆಗಳ ಭಾರ ಹೆಚ್ಚುಹೆಚ್ಚಾಗಿ ದೇಶೀಯ ಬೋಧಕರ ಹೆಗಲಿಗೆ ಬಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಕರಾವಳಿಯ ಈ ಸಭೆಗಳು ಅದರಲ್ಲಿ ಸೇರಿದವು. ಧಾರವಾಡ ಕಡೆಯ ಬಾಸೆಲ್ ಸಭೆಗಳು ಸೇರಿದ್ದು 1968ರಲ್ಲಿ.